ಕೊನೆಯ ಬಸ್ಸು ಮತ್ತು ವಿಶ್ವವಿದ್ಯಾಲಯ

ಪುಣೆಯ ಅಂಚಿನ ವಾಕಡವನ್ನು ಅರಿಯದ ಕನ್ನಡಿಗರು ಈ ಕಡೆ ವಿರಳ. ಊರಿಗೆ ಹೋಗುವ ಬಸ್ಸನ್ನು ನಮ್ಮಲ್ಲಿ ಬಹುಮಂದಿ ಹಿಡಿಯುವುದು ಅಲ್ಲಿಯೇ. ಮುಂಬಯಿಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ವಾಕಡದ ಮಗ್ಗುಲಲ್ಲೇ ಹಾದುಹೋಗುತ್ತದೆ. ಸಂಜೆಯಾಯಿತೆಂದರೆ ಆ ಹೆದ್ದಾರಿಯ ಬದಿಯಲ್ಲಿ ಗಂಟುಮೂಟೆ ಇಟ್ಟುಕೊಂಡು ನಿಂತವರ ನಡುವೆ ಕುಂದಾಪುರದ ಕನ್ನಡವೂ, ತುಳುವೂ, ವಿಜಾಪುರ ಕಲಬುರಗಿಗಳ ಮಾತೂ ಕಿವಿಗೆ ಬೀಳುತ್ತವೆ. ನೂರಾರು ಮೈಲಿ ದೂರದ ಊರಿಗೆ ಅಲ್ಲಿಂದ ರಾತ್ರಿಯೆಲ್ಲ ಬಸ್ಸುಗಳುಂಟು. ಆದರೆ ರಾತ್ರಿ ಹನ್ನೆರಡೂವರೆಗೆ ಹೊಟೇಲಿನ ಷಟರು ಎಳೆದು ಹೊರಬಿದ್ದ ನಮ್ಮ ಹುಡುಗನಿಗೆ ಮೂರು ಮೈಲಿ ದೂರದ ತನ್ನ ರೂಮಿಗೆ ಹೋಗಲು ಬಸ್ಸಿಲ್ಲ. ಉಡುಪಿ ಹತ್ತಿರ, ರೂಮು ದೂರ! ಈ ವಿಚಿತ್ರವನ್ನು ಕುರಿತು ಈ ವಾರ ನಾಲ್ಕು ಮಾತು ಹೇಳಬೇಕೆಂದು ನಮಗೆ ತೋರಿದೆ.

ಇದನ್ನು ಬರೇ ಬಸ್ಸಿನ ದೂರು ಎಂದು ವಾಚಕರು ಭಾವಿಸಬಾರದು. ಇದು ವಿದ್ಯೆಗೆ ಸಂಬಂಧಿಸಿದ ಪ್ರಶ್ನೆಯೂ ಹೌದು. ಯಾವ ರಸ್ತೆಯಲ್ಲಿ ಯಾವ ಹೊತ್ತಿಗೆ ಎಷ್ಟು ಜನ ಓಡಾಡುತ್ತಾರೆ, ಎಷ್ಟು ಹಣ ತೆರುತ್ತಾರೆ, ಸರಕು ಎಲ್ಲಿಂದ ಎಲ್ಲಿಗೆ ಹೇಗೆ ಸಾಗುತ್ತದೆ ಎಂಬುದನ್ನು ಅಳೆದು ನೋಡಿ ಸರಕಾರಕ್ಕೆ ದಾರಿ ತೋರಿಸುವುದು ಇಂದು ಒಂದು ಶಾಸ್ತ್ರವಾಗಿದೆ. ವಿಶ್ವವಿದ್ಯಾಲಯಗಳು ಅದನ್ನು ಕಲಿಸುತ್ತವೆ, ಅದರಲ್ಲಿ ಪದವಿಗಳನ್ನು ಕೊಡುತ್ತವೆ. ಆ ಶಾಸ್ತ್ರದ ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರಿದೆಯೇ ಎಂಬುದೇ ನಮ್ಮ ಪ್ರಶ್ನೆ.

ಪುಣೆಗೆ ಈ ಶಾಸ್ತ್ರ ಹೊಸದಲ್ಲ. 1930ರಲ್ಲಿ ಇಲ್ಲಿ ಸ್ಥಾಪಿತವಾದ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ಮುಖ್ಯಸ್ಥರಾಗಿದ್ದ ಧನಂಜಯರಾವ್ ಗಾಡಗೀಳರು ತಮ್ಮ ಸಹೋದ್ಯೋಗಿ ಗೋಗಟೆಯವರೊಡನೆ ಮುಂಬಯಿ ಪ್ರಾಂತದ ಆರು ಜಿಲ್ಲೆಗಳ ಮೋಟಾರು ಬಸ್ಸುಗಳ ಸಮೀಕ್ಷೆ ನಡೆಸಿ 1935ರಲ್ಲಿ ಅದನ್ನು ಪ್ರಕಟಿಸಿದರು. ಬಸ್ಸು ಎಂಬುದು ಹಳ್ಳಿಗಳಿಗೆ ಹೊಸದಾಗಿದ್ದ ಕಾಲ ಅದು. ಅಂಥ ಕಾಲದಲ್ಲಿ ಒಬ್ಬ ಅರ್ಥಶಾಸ್ತ್ರಜ್ಞರು ಹಣಕಾಸಿನ ದೊಡ್ಡ ಸಿದ್ಧಾಂತಗಳನ್ನು ಬದಿಗಿಟ್ಟು ಧೂಳು ತುಂಬಿದ ಬಸ್ಸಿನ ಲೆಕ್ಕ ಹಿಡಿದು ಕುಳಿತುದು ಸಣ್ಣ ಮಾತಲ್ಲ. ಮುಂದೆ ಅವರೇ ಯೋಜನಾ ಆಯೋಗದ ಉಪಾಧ್ಯಕ್ಷರಾದರು. ಆ ಸಮೀಕ್ಷೆಯಾಗಿ ಹದಿಮೂರು ವರ್ಷಗಳ ಮೇಲೆ, 1948ರ ಜೂನ್ 1ರಂದು, ಮುಂಬಯಿ ರಾಜ್ಯದ ಸರಕಾರಿ ಬಸ್ಸು ಮೊದಲ ಬಾರಿಗೆ ಪುಣೆಯಿಂದ ಅಹ್ಮದನಗರಕ್ಕೆ ಓಡಿತು. ಅದೇ ವರ್ಷದ ಸಪ್ಟಂಬರ 12ರಂದು ನಮ್ಮ ಮೈಸೂರು ಸರಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. ಇಂದು ಕೆಂಪು ಬಸ್ಸನ್ನು ಕಂಡು 'ನಮ್ಮ ಬಸ್ಸು' ಎಂದು ಕೈ ತೋರುವ ಹಕ್ಕು ಆ ವರ್ಷ ಹುಟ್ಟಿದ್ದು.

1967ರಲ್ಲಿ ಕೇಂದ್ರ ರಸ್ತೆ ಸಾರಿಗೆ ಸಂಸ್ಥೆ ಪುಣೆಯಲ್ಲಿಯೇ ಸ್ಥಾಪಿತವಾಯಿತು. ದೇಶದ ಎಲ್ಲ ರಾಜ್ಯಗಳ ಸರಕಾರಿ ಬಸ್ಸು ನಿಗಮಗಳು ಒಟ್ಟುಗೂಡಿ ಕೇಂದ್ರ ಸರಕಾರದೊಡನೆ ಕಟ್ಟಿದ ಈ ಸಂಸ್ಥೆ ವಾಕಡದಿಂದ ಬಹಳ ದೂರದಲ್ಲಿಲ್ಲ. ಬಸ್ಸು ನಿಗಮಗಳ ಅಧಿಕಾರಿಗಳಿಗೂ, ಚಾಲಕರಿಗೂ, ಮೆಕ್ಯಾನಿಕರಿಗೂ ಅಲ್ಲಿ ತರಬೇತಿ ನಡೆಯುತ್ತದೆ. ವಾಹನಗಳ ಪರೀಕ್ಷೆ ನಡೆಯುತ್ತದೆ. ನಿಗಮಗಳಿಗೆ ಬೇಕಾದ ಅಧ್ಯಯನಗಳೂ ನಡೆಯುತ್ತವೆ. ಅದೇ 1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದ ಡಾಕ್ಟರ್ ವಿ. ಕೆ. ಆರ್. ವಿ. ರಾವ್ ಅವರು ಕೇಂದ್ರದಲ್ಲಿ ಸಾರಿಗೆ ಮತ್ತು ನೌಕಾಯಾನದ ಸಚಿವರಾದರು. 1969ರಲ್ಲಿ ಶಿಕ್ಷಣದ ಖಾತೆಗೆ ಬಂದರು. ದಿಲ್ಲಿಯಲ್ಲಿ ಅರ್ಥಶಾಸ್ತ್ರದ ದೊಡ್ಡ ಶಾಲೆಯನ್ನು ಕಟ್ಟಿದ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನೂ ಕಟ್ಟಿದರು. ಸಾರಿಗೆಯನ್ನೂ ಶಿಕ್ಷಣವನ್ನೂ ಒಬ್ಬನೇ ಮನುಷ್ಯ ಒಂದಾದ ಮೇಲೊಂದು ಹೊತ್ತ ಆ ದಿನಗಳನ್ನು ನೆನೆದಾಗ, ಇವೆರಡು ಒಂದೇ ಗಾಡಿಯ ಎರಡು ಗಾಲಿಗಳೆಂಬುದು ನಮಗೆ ತೋರಿಬರುತ್ತದೆ.

ಈಚಿನ ವರ್ಷಗಳಲ್ಲಂತೂ ಈ ವಿದ್ಯೆಗೆ ದೊಡ್ಡ ಕುರ್ಚಿ ಸಿಕ್ಕಿದೆ. ರೈಲ್ವೆ ಇಲಾಖೆ 2018ರಲ್ಲಿ ವಡೋದರೆಯಲ್ಲಿ ತೆರೆದ ರೈಲು ಮತ್ತು ಸಾರಿಗೆ ವಿದ್ಯಾಸಂಸ್ಥೆ 2022ರಲ್ಲಿ ಗತಿಶಕ್ತಿ ವಿಶ್ವವಿದ್ಯಾಲಯ ಎಂಬ ಹೆಸರಿನಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಆಯಿತು. ಅದೇ ವರ್ಷದ ಸಪ್ಟಂಬರಿನಲ್ಲಿ ಕೇಂದ್ರ ಸರಕಾರ ಸರಕು ಸಾಗಣೆಯ ರಾಷ್ಟ್ರೀಯ ನೀತಿಯನ್ನು ಸಾರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಗರ ಸಾರಿಗೆಗೆಂದೇ ಒಂದು ಅಧ್ಯಯನ ಕೇಂದ್ರವುಂಟು. ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯದಲ್ಲಿ ನಮ್ಮ ಕರಾವಳಿಯ ಮಕ್ಕಳೇ ಸಾರಿಗೆಯ ಇಂಜಿನಿಯರಿಂಗ್ ಓದುತ್ತಿದ್ದಾರೆ. ಇದೆಲ್ಲ ಸಂತೋಷದ ವಿಷಯ. ಆದರೆ ವಿದ್ಯೆ ದೊಡ್ಡ ಕುರ್ಚಿಯಲ್ಲಿ ಕುಳಿತಾಗ ಕೆಳಗೆ ನೆಲದ ಮೇಲೆ ನಡೆಯುವವನು ಅದರ ಕಣ್ಣಿಗೆ ಬೀಳಬೇಕು. ಬೀಳುತ್ತಾನೆಯೇ?

ವಿಶ್ವವಿದ್ಯಾಲಯದ ಅಧ್ಯಯನ ನೆಲಕ್ಕಿಳಿದರೆ ಫಲ ಏನಾಗಬಹುದೆಂಬುದಕ್ಕೆ ಅಹಮದಾಬಾದು ಒಂದು ನಿದರ್ಶನ. ಅಲ್ಲಿ ಬಸ್ಸಿಗೆಂದೇ ರಸ್ತೆಯ ನಡುವೆ ಬೇರೆ ದಾರಿ ಬಿಡುವ ಯೋಜನೆಯನ್ನು ಊರಿನದೇ ಆದ ಸೆಪ್ಟ್ ವಿಶ್ವವಿದ್ಯಾಲಯದವರು ಮೊದಲಿನಿಂದ ರೂಪಿಸಿದರು. 2009ರಲ್ಲಿ ಆರಂಭವಾದ ಆ ವ್ಯವಸ್ಥೆಯನ್ನು ನೋಡಲು ಬೇರೆ ಊರಿನವರು ಹೋಗಿಬಂದರು. ಅದಕ್ಕೂ ಮೂರು ವರ್ಷ ಮೊದಲೇ, 2006ರ ಕೊನೆಯಲ್ಲಿ, ದೇಶದಲ್ಲಿ ಮೊತ್ತಮೊದಲಿಗೆ ಇಂಥ ದಾರಿಯನ್ನು ತೆರೆದದ್ದು ನಮ್ಮ ಪುಣೆಯೇ. ಕಾತ್ರಜದಿಂದ ಸ್ವಾರಗೇಟಿನ ಮೇಲೆ ಹಡಪಸರಕ್ಕೆ. ಮುಂದೆ ಪುಣೆಯಲ್ಲಿ ಇಂಥ ದಾರಿಗಳ ಕೆಲವು ಭಾಗಗಳನ್ನು ಕಿತ್ತುಹಾಕಿದ್ದನ್ನೂ ನಾವು ಕಣ್ಣಾರೆ ಕಂಡೆವು. ಮೊದಲು ಹೊರಟವನು ಮೊದಲು ಮುಟ್ಟುತ್ತಾನೆಂಬ ನೇಮವಿಲ್ಲ. ದಾರಿ ತಿಳಿದು ಹೊರಟವನು ಮುಟ್ಟುತ್ತಾನೆ.

ಈಗ ವಾಕಡಕ್ಕೆ ಮರಳೋಣ. ಇದು ಒಂದು ಕಾಲಕ್ಕೆ ಮುಳಶಿಯ ಕಡೆಯ ಹೊಲಗಳ ನಡುವಿನ ಹಳ್ಳಿ. ಪಕ್ಕದ ಹಿಂಜವಡಿಯಲ್ಲಿ ಕಂಪ್ಯೂಟರಿನ ಕಚೇರಿಗಳೆದ್ದ ಮೇಲೆ ಇಲ್ಲಿ ಮಾಳಿಗೆಯ ಮೇಲೆ ಮಾಳಿಗೆ ಬಂತು. ಮಾಳಿಗೆಯ ಕೆಳಗೆ ಹೊಟೇಲು ಬಂತು. ಹೊಟೇಲಿನೊಳಗೆ ನಾವು ಬಂದೆವು. 2015ರಲ್ಲಿ ಸಾಂಗವಿಯಿಂದ ಕಿವಳೆಯವರೆಗಿನ ಬಸ್ಸಿನ ದಾರಿ ಈ ಮಗ್ಗುಲಲ್ಲಿ ಆರಂಭವಾಯಿತು. ಹಿಂಜವಡಿಯಿಂದ ವಾಕಡ ಚೌಕದ ಮೇಲೆ, ಬಾಣೇರ ದಾಟಿ, ಪುಣೆ ವಿಶ್ವವಿದ್ಯಾಲಯದ ಮುಂದಿನಿಂದ ಶಿವಾಜಿನಗರಕ್ಕೆ ಹೋಗುವ ಮೆಟ್ರೋ ಮಾರ್ಗಕ್ಕೆ 2018ರ ಡಿಸೆಂಬರಿನಲ್ಲಿ ಪ್ರಧಾನಿಗಳೇ ಅಡಿಗಲ್ಲು ಹಾಕಿದರು. ವಾಕಡಕ್ಕೂ ವಿಶ್ವವಿದ್ಯಾಲಯಕ್ಕೂ ಕಂಬದ ಮೇಲೆ ಕಂಬ ನಿಲ್ಲಿಸಿ ಸೇತುವೆ ಕಟ್ಟಿದ್ದಾರೆ. ಆದರೆ ಕಬ್ಬಿಣದ ಸೇತುವೆಯೊಂದೇ ಸಾಲದು. ಅರಿವಿನ ಸೇತುವೆಯೂ ಬೇಕು.

ಕಾರಣವೇನೆಂದರೆ, ನಗರದ ಓಡಾಟವನ್ನು ಲೆಕ್ಕ ಹಾಕುವವರು ಸಾಮಾನ್ಯವಾಗಿ ಮನೆಮನೆಗೆ ಹೋಗಿ ಕೇಳುತ್ತಾರೆ: ಮನೆಯಲ್ಲಿ ಎಷ್ಟು ಮಂದಿ, ಎಷ್ಟು ಹೊತ್ತಿಗೆ ಎಲ್ಲಿಗೆ ಹೋಗುತ್ತೀರಿ, ಯಾವ ವಾಹನದಲ್ಲಿ? ಹೊಟೇಲಿನ ಹುಡುಗನಿಗೆ ಮನೆಯೆಲ್ಲಿದೆ? ಎಂಟು ಮಂದಿ ಸರದಿಯ ಮೇಲೆ ಮಲಗುವ ರೂಮಿಗೆ ಯಾರೂ ಕದ ತಟ್ಟುವುದಿಲ್ಲ. ತಟ್ಟಿದರೂ ಆ ಹೊತ್ತಿಗೆ ಅವನು ಭಟ್ಟಿಯ ಮುಂದೆಯೋ ಮೇಜಿನ ಬಳಿಯೋ ಇರುತ್ತಾನೆ. ರಸ್ತೆಯಲ್ಲಿ ನಿಂತು ವಾಹನ ಎಣಿಸುವವರು ಬೆಳಗಿನ ಕಚೇರಿಯ ಹೊತ್ತಿಗೂ ಸಂಜೆಯ ಕಚೇರಿಯ ಹೊತ್ತಿಗೂ ಹೆಚ್ಚು ಗಮನ ಕೊಡುತ್ತಾರೆ. ಮಧ್ಯರಾತ್ರಿ ನಡೆದುಹೋಗುವವನು ವಾಹನವೂ ಅಲ್ಲ, ಕಚೇರಿಯವನೂ ಅಲ್ಲ. ಹೀಗಾಗಿ ಕಾಗದದ ಮೇಲೆ ಅವನು ಇಲ್ಲವೇ ಇಲ್ಲ. ಕಾಗದದ ಮೇಲೆ ಇಲ್ಲದವನಿಗೆ ರಸ್ತೆಯ ಮೇಲೆ ಬಸ್ಸು ಬರುವುದಾದರೂ ಹೇಗೆ?

ಕಾನೂನಿನ ಕಡೆ ನೋಡಿದರೆ ಚಿತ್ರ ಇನ್ನೂ ವಿಚಿತ್ರ. ಮಹಾರಾಷ್ಟ್ರದ 2017ರ ಅಂಗಡಿ ಮುಂಗಟ್ಟುಗಳ ಕಾಯದೆ, ಅಂಗಡಿಗಳನ್ನು ಹಗಲಿರುಳೂ ತೆರೆದಿಡಲು ಅವಕಾಶ ಮಾಡಿಕೊಟ್ಟಿತು. ಹೆಂಗಸರನ್ನು ರಾತ್ರಿ ಕೆಲಸಕ್ಕಿಟ್ಟರೆ ಅವರನ್ನು ಮನೆ ಮುಟ್ಟಿಸುವ ಹೊಣೆ ಮಾಲಿಕರದೆಂದೂ ಅದೇ ಕಾಯದೆ ಹೇಳಿತು. ಇದು ನ್ಯಾಯವಾದ ಮಾತು. ಆದರೆ ಅಂಗಡಿಗೆ ಹಗಲಿರುಳು ಅಪ್ಪಣೆ ಕೊಟ್ಟವರು ಬಸ್ಸಿಗೂ ಅದೇ ಅಪ್ಪಣೆಯನ್ನು ಕೊಡಲಿಲ್ಲ. ಪೇಟೆ ಎಚ್ಚರವಾಗಿರಬೇಕು, ಬಸ್ಸು ಮಲಗಬೇಕು! ಇದು ಯಾವ ನ್ಯಾಯ?

ಸುಮ್ಮನೆ ಕೂಗಿದರೆ ಪ್ರಯೋಜನವಿಲ್ಲ, ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ಕೆಲಸಗಾರ ರಾತ್ರಿ ಪಾಲಿನ ರಿಕ್ಷಾಕ್ಕೆ 40 ರೂಪಾಯಿ ಕೊಡುತ್ತಾನೆಂದು ಇಟ್ಟುಕೊಳ್ಳಿ. ತಿಂಗಳಿಗೆ 26 ದಿನದ ಕೆಲಸಕ್ಕೆ 1,040 ರೂಪಾಯಿ ಆಯಿತು. ರಿಕ್ಷಾ ಬೇಡವೆಂದು ಮುಕ್ಕಾಲು ಗಂಟೆ ನಡೆಯುತ್ತಾನೆಂದು ಇಟ್ಟುಕೊಳ್ಳಿ. ತಿಂಗಳಿಗೆ ಹತ್ತೊಂಬತ್ತೂವರೆ ಗಂಟೆ ಆಯಿತು. ಎಂಟು ಗಂಟೆಯ ಎರಡು ಪಾಳಿಗಿಂತಲೂ ಹೆಚ್ಚು. ಈ ಎರಡು ಪಾಳಿಗೆ ಪಗಾರವಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಇಡ್ಲಿಯ ಪಾತ್ರೆ ಏರಿಸಬೇಕಾದವನು ಆ ಹೊತ್ತನ್ನು ತನ್ನ ನಿದ್ದೆಯಿಂದ ಕಡ ತೆಗೆಯುತ್ತಾನೆ. ಅವನು ಸಂಜೆ ಕಾಲೇಜಿಗೆ ಸೇರಿದವನಾದರೆ ಪುಸ್ತಕದಿಂದ ಕಡ ತೆಗೆಯುತ್ತಾನೆ.

ಈ ಕೊನೆಯ ಮಾತು ನಮ್ಮವರ ಎದೆಗೆ ಹತ್ತಿರದ್ದು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಕತೆಯನ್ನು ನಾವು ಮರೆತಿಲ್ಲ. ಹಗಲು ಕಪ್ಪು ಬಸಿ ತೊಳೆದು, ರಾತ್ರಿ ಬೆಂಚಿನ ಮೇಲೆ ಕುಳಿತು ಓದಿ, ವಕೀಲರೂ ಬ್ಯಾಂಕಿನ ಅಧಿಕಾರಿಗಳೂ ಆದವರು ನಮ್ಮಲ್ಲಿ ಉಂಟು. ಪುಣೆಯಲ್ಲಿಯೂ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು 1855ರಷ್ಟು ಹಿಂದೆಯೇ ರೈತರಿಗೂ ಕೂಲಿಕಾರರಿಗೂ ರಾತ್ರಿ ಶಾಲೆ ತೆರೆದರು. ಇಂದು ಪುಣೆಯ ವಿಶ್ವವಿದ್ಯಾಲಯ ಆ ಮಹಾತಾಯಿಯ ಹೆಸರನ್ನೇ ಹೊತ್ತಿದೆ. ಗಿರಣಗಾಂವಿನ ಗಿರಣಿಯವನು ಚಾಳಿನಿಂದ ಗಿರಣಿಗೆ ನಡೆದು ಹೋಗುತ್ತಿದ್ದ. ಗಿರಣಿಯಿಂದ ಶಾಲೆಗೂ ನಡೆದೇ ಹೋಗುತ್ತಿದ್ದ. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸ ಭಿವಂಡಿಯ ಗುದಾಮಿಗೂ ಚಾಕಣದ ಕಾರಖಾನೆಗೂ ಹೋಯಿತು. ಬಾಡಿಗೆ ಅಗ್ಗವಾದ ರೂಮು ಇನ್ನೊಂದು ದಿಕ್ಕಿಗೆ ಹೋಯಿತು. ಅಂದು ಕಾಲಿಗೆ ಎಟಕುತ್ತಿದ್ದ ಶಾಲೆ ಇಂದು ಬಸ್ಸಿಗೂ ಎಟಕುತ್ತಿಲ್ಲ.

ರಾತ್ರಿ ಬಸ್ಸು ಓಡಿಸಿದರೆ ನಷ್ಟವಾಗುತ್ತದೆಂದು ಹೇಳುವವರ ಮಾತನ್ನೂ ನಾವು ಕೇಳಬೇಕು. ಖಾಲಿ ಬಸ್ಸು ಓಡಿಸಿ ಡೀಸೆಲ್ ಸುಡುವುದು ಯಾರಿಗೂ ಹಿತವಲ್ಲ. ಅದೂ ನಮ್ಮದೇ ಹಣ. ರಾತ್ರಿ ಓಡುವ ಬಸ್ಸಿನ ಚಾಲಕ, ನಿರ್ವಾಹಕರು ಕೂಡ ಕಾರ್ಮಿಕರೇ. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಯ ಕೆಲಸವೆಂದು 1961ರ ಕಾಯದೆ ಗೆರೆ ಎಳೆದಿತ್ತು. 2020ರ ಹೊಸ ಸಂಹಿತೆಯೊಳಗೆ ಆ ಕಾಯದೆ ಸೇರಿಹೋದರೂ ಗೆರೆಯ ಹಿಂದಿನ ತತ್ವ ಹಳತಾಗಿಲ್ಲ. ನಮ್ಮ ಅನುಕೂಲಕ್ಕಾಗಿ ಅವರ ನಿದ್ದೆ ಕೆಡಬೇಕೆಂದು ನಾವು ಎಂದೂ ಕೇಳಲಾರೆವು. ಆದುದರಿಂದಲೇ ಇದು ಕೂಗಿನಿಂದ ಬಗೆಹರಿಯುವ ಪ್ರಶ್ನೆಯಲ್ಲ, ಅಧ್ಯಯನದಿಂದ ಬಗೆಹರಿಯಬೇಕಾದ ಪ್ರಶ್ನೆ. ಹೊಟೇಲುಗಳ ಷಟರು ಎಷ್ಟು ಹೊತ್ತಿಗೆ ಇಳಿಯುತ್ತದೆ, ಆಸ್ಪತ್ರೆಯ ಆಯಾಗಳ ಪಾಳಿ ಯಾವಾಗ ಬದಲಾಗುತ್ತದೆ, ಕಾವಲುಗಾರರೂ ಗುದಾಮಿನವರೂ ಯಾವ ಚೌಕದಲ್ಲಿ ಕೂಡುತ್ತಾರೆ ಎಂಬುದು ತಿಳಿದರೆ ಹತ್ತು ಬಸ್ಸು ಬೇಕಾದಲ್ಲಿ ಎರಡೇ ಸಾಕಾದೀತು. ಲಂಡನ್ ನಗರದಲ್ಲಿ 1913ರಲ್ಲೇ ರಾತ್ರಿಯ ಬಸ್ಸು ಓಡತೊಡಗಿತ್ತು. ನೂರು ವರ್ಷ ಹಿಂದೆ ಅಲ್ಲಿ ಸಾಧ್ಯವಾದುದು ಇಂದು ಇಲ್ಲಿ ಅಸಾಧ್ಯವಾಗಬಾರದು. ಕೇಂದ್ರ ಸರಕಾರದ 2006ರ ನಗರ ಸಾರಿಗೆ ನೀತಿಯ ಸಾರವೇ ವಾಹನಗಳನ್ನಲ್ಲ, ಜನರನ್ನು ಸಾಗಿಸಬೇಕು ಎಂಬುದು. ನಾವು ಕೇಳುವುದು ಅಷ್ಟನ್ನೇ.

ವಿದ್ಯಾವಂತರಿಗೆ ಒಂದು ಮಾತು ಹೇಳಬಯಸುತ್ತೇವೆ. ನಮ್ಮಿಂದ ಕಲಿಯುವುದೇನಿದೆ ಎಂದು ಎಣಿಸಬಾರದು. ಮುಂಬಯಿಯ ಡಬ್ಬಾವಾಲರು 1890ರಿಂದ ಮನೆಯ ಊಟವನ್ನು ಕಚೇರಿಗೆ ಮುಟ್ಟಿಸುತ್ತ ಬಂದಿದ್ದಾರೆ. ಡಬ್ಬಿಯ ಮುಚ್ಚಳದ ಮೇಲೆ ಬಣ್ಣದ ಗುರುತು ಮತ್ತು ನಾಲ್ಕು ಅಕ್ಷರ, ಕೈಯಲ್ಲಿ ಲೋಕಲ್ ಗಾಡಿಯ ಪಾಸು, ಇಷ್ಟೇ ಅವರ ಬಂಡವಾಳ. ಅವರ ಕೆಲಸದ ಕ್ರಮವನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು 2010ರಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಪಾಠವಾಗಿ ಬರೆದರು. ಕೊಂಕಣ ರೈಲ್ವೆಯವರು 1999ರಿಂದ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಕೊಲಾಡದಿಂದ ದಕ್ಷಿಣಕ್ಕೆ ಸಾಗಿಸತೊಡಗಿದರು. ಮುಂದೆ ಆ ಲಾರಿಗಳು ನಮ್ಮ ಸುರತ್ಕಲ್ಲಿನವರೆಗೂ ಬಂದವು. ಡೀಸೆಲ್ ಉಳಿಯಿತು, ಟಯರು ಉಳಿಯಿತು, ಎಲ್ಲಕ್ಕಿಂತ ಮಿಗಿಲಾಗಿ ತಿರುವು ತಿರುವಿನ ಹೆದ್ದಾರಿಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕಾಗಿದ್ದ ಚಾಲಕನಿಗೆ ನಾಲ್ಕು ಗಂಟೆ ವಿಶ್ರಾಂತಿ ಸಿಕ್ಕಿತು. ದುಡಿಯುವವನ ಬೆವರನ್ನು ಲೆಕ್ಕಕ್ಕೆ ತೆಗೆದುಕೊಂಡ ವಿದ್ಯೆ ಎಲ್ಲರಿಗೂ ಲಾಭ ತರುತ್ತದೆ ಎನ್ನಲು ಇವೆರಡು ಸಾಕು.

ಇನ್ನು ನಮ್ಮವರಿಗೆ ಒಂದು ಮಾತು. ಸಾರಿಗೆ ಎಂದೊಡನೆ ಡ್ರೈವರ್ ಕೆಲಸ, ಗುದಾಮು ಎಂದೊಡನೆ ಮೂಟೆ ಹೊರುವುದು ಎಂದು ನಾವು ತಿಳಿದಿದ್ದೇವೆ. ಎರಡೂ ಮರ್ಯಾದೆಯ ಕೆಲಸಗಳೇ. ಆದರೆ ಚಾಕಣ, ತಳೇಗಾಂವಗಳ ಗುದಾಮುಗಳಲ್ಲಿ ಇಂದು ಮೂಟೆ ಹೊರುವವನ ಪಕ್ಕದಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಲಾರಿಗಳ ದಾರಿ ಗೊತ್ತುಮಾಡುವವನೂ ಇದ್ದಾನೆ. ಮೊದಲಿನವನ ಮಗ ಎರಡನೆಯವನ ಕುರ್ಚಿಗೆ ಏರಬಾರದೆಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ. ಹತ್ತನೆಯ ತರಗತಿ, ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳಿಗೆ ಈ ವಿದ್ಯೆಯ ಸುದ್ದಿಯನ್ನಾದರೂ ತಿಳಿಸಿರಿ. ವಿದ್ಯಾಸಂಸ್ಥೆಗಳವರನ್ನು ನಾವು ಕೇಳುವುದೂ ಇದನ್ನೇ: ಹಗಲು ದುಡಿಯುವವನು ಓದಬಹುದಾದ ಹೊತ್ತಿನಲ್ಲಿ, ಅವನು ತೆರಬಹುದಾದ ಫೀಸಿನಲ್ಲಿ, ಅವನಿಗೆ ತಿಳಿಯುವ ಮಾತಿನಲ್ಲಿ ಸಣ್ಣ ಸಣ್ಣ ಪಾಠಕ್ರಮಗಳನ್ನು ತೆರೆಯಿರಿ. ಇಂಗ್ಲಿಷು ಬಾರದವನಿಗೂ ಲಾರಿಯ ದಾರಿ ಗೊತ್ತು.

ನಮ್ಮದೇ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಯಾರಾದರೂ ಕೇಳಿದರೆ ನಾವು 'ಹೇಗೋ ನಡೆದುಹೋಗುತ್ತದೆ' ಎಂದುಬಿಡುತ್ತೇವೆ. ನಡೆದುಹೋಗುವುದು ನಿಜ, ನಡೆಯುವವರು ನಾವೇ ತಾನೆ! ಅಳದ ಕೂಸಿಗೆ ತಾಯಿಯೂ ಹಾಲೂಡಳು. ಅಳುವುದಕ್ಕಿಂತಲೂ ಉತ್ತಮವಾದ ಕೆಲಸವೊಂದುಂಟು, ಅದು ಬರೆದಿಡುವುದು. ಅದಕ್ಕಾಗಿ ಒಂದು ಸಲಹೆ ಕೊಡುತ್ತೇವೆ. ವಾಕಡದ ಪ್ರತಿಯೊಂದು ಹೊಟೇಲಿನಲ್ಲಿಯೂ ಕೆಲಸಗಾರರು ಒಂದು ನೋಟುಬುಕ್ಕು ಇಡಲಿ. ಅದರಲ್ಲಿ ಹೆಸರು ಬೇಡ. ಕೆಲಸ ಬಿಟ್ಟ ಹೊತ್ತು, ಹೋಗಬೇಕಾದ ಜಾಗ, ಹೋದ ಬಗೆ, ತಗಲಿದ ಸಮಯ, ಕೊಟ್ಟ ಹಣ ಇಷ್ಟು ಸಾಕು. ಒಂದು ತಿಂಗಳು ಬಿಡದೆ ಬರೆಯಿರಿ. ಬರೆಯಲು ಬಾರದವನಿಗೆ ಗಲ್ಲಾದಲ್ಲಿ ಕುಳಿತವನು ಬರೆದುಕೊಡಲಿ. ಮಾಲಿಕರೂ ಬಹುಪಾಲು ನಮ್ಮ ಊರಿನವರೇ. ರಾತ್ರಿ ಬಸ್ಸಿದ್ದರೆ ಬೆಳಿಗ್ಗೆ ಹುಡುಗ ಹೊತ್ತಿಗೆ ಸರಿಯಾಗಿ ಬರುತ್ತಾನೆಂಬುದು ಅವರಿಗೂ ಗೊತ್ತು. ಅವರು ಈ ಕೆಲಸಕ್ಕೆ ಅಡ್ಡಿಯಾಗಲಾರರೆಂದು ನಮ್ಮ ನಂಬಿಕೆ. ಮರಾಠಿ ಬಾಂಧವರನ್ನೂ, ಬಿಹಾರ ನೇಪಾಳಗಳ ಹುಡುಗರನ್ನೂ ಜೊತೆಗೆ ಸೇರಿಸಿಕೊಳ್ಳಿ. ಮಧ್ಯರಾತ್ರಿಯ ರಸ್ತೆಗೆ ಭಾಷೆಯಿಲ್ಲ.

ಆ ನೋಟುಬುಕ್ಕುಗಳು ಸಂಘದ ಕಚೇರಿಗೆ ಬಂದರೆ ಅವನ್ನು ಒಟ್ಟುಗೂಡಿಸಿ ನಾವು ಎರಡು ಕಡೆ ಒಯ್ಯೋಣ. ಮೊದಲು ವಿಶ್ವವಿದ್ಯಾಲಯದ ಬಾಗಿಲಿಗೆ: ಈ ಲೆಕ್ಕವನ್ನು ಪರೀಕ್ಷಿಸಿರಿ, ನಿಮ್ಮ ವಿದ್ಯಾರ್ಥಿಗಳನ್ನು ಒಂದು ವಾರ ರಾತ್ರಿ ಹತ್ತರಿಂದ ಎರಡರವರೆಗೆ ನಮ್ಮೊಡನೆ ಚೌಕದಲ್ಲಿ ನಿಲ್ಲಿಸಿರಿ ಎಂದು ಕೇಳೋಣ. ಆಮೇಲೆ ಬಸ್ಸಿನವರ ಬಾಗಿಲಿಗೆ: ವಾಕಡದಿಂದ ಚಿಂಚವಡಕ್ಕೊಂದು, ಔಂಧದ ಮೇಲೆ ಶಿವಾಜಿನಗರಕ್ಕೊಂದು ಬಸ್ಸನ್ನು ಹನ್ನೆರಡೂಮುಕ್ಕಾಲಿಗೆ ಆರು ತಿಂಗಳು ಓಡಿಸಿ ನೋಡಿರಿ, ಜನ ಬಾರದಿದ್ದರೆ ನಿಲ್ಲಿಸಿರಿ ಎಂದು ಕೇಳೋಣ. ಇದಕ್ಕಿಂತ ನ್ಯಾಯವಾದ ಬೇಡಿಕೆಯನ್ನು ಮಾಡುವುದು ನಮಗೆ ತಿಳಿಯದು.

ಗಾಡಗೀಳರು ಬಸ್ಸಿನ ಲೆಕ್ಕ ಹಿಡಿದ ಊರು ಇದು. ಅವರ ಪರಂಪರೆಯ ವಿದ್ವಾಂಸರು ಒಂದು ರಾತ್ರಿ ವಾಕಡದ ಚೌಕಕ್ಕೆ ಬಂದರೆ ಅವರಿಗೆ ಒಂದು ಲೋಟ ಬಿಸಿ ಕಾಫಿ ಕೊಡಲು ನಮ್ಮ ಹುಡುಗರು ಸಿದ್ಧರಾಗಿದ್ದಾರೆ. ಷಟರು ಎಳೆದ ಮೇಲೆ ಮತ್ತೆ ಒಲೆ ಹಚ್ಚಬೇಕಾದರೂ ಚಿಂತೆಯಿಲ್ಲ. ಹೇಗೂ ಮನೆಗೆ ಹೋಗಲು ಬಸ್ಸಿಲ್ಲ.